ಬಾಸ್ಟನ್ ಕಡೆ ಇರೋ ನಮ್ಮವರಿಗೆ: ಫೆಬ್ರವರಿ ಕೊನೆ, ಮಾರ್ಚ್ ತಿಂಗಳ ಸ್ನೋಗೆ ರೆಡಿ ಆಗೋದು ಹೇಗೆ

ಮಾರ್ಚ್ ಶುರುವಾಗಿ ಎರಡು ದಿನ ಒಳ್ಳೆ ಬಿಸಿಲು ಬಿದ್ರೆ ಸಾಕು, ಇಲ್ಲಿಗೆ ಹೊಸದಾಗಿ ಬಂದಿರೋ ನಮ್ಮವರೆಲ್ಲ ಚಳಿಗಾಲ ಮುಗೀತು ಅಂದ್ಕೊಂಡು ಬೂಟು, ಶವೆಲ್ಲು, ಸಾಲ್ಟ್ ಚೀಲ ಎಲ್ಲಾ ಬೇಸ್‌ಮೆಂಟಿಗೆ ಸೇರಿಸಿಬಿಡ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. 1997ರಲ್ಲಿ ಮಾರ್ಚ್ 30ರ ಈಸ್ಟರ್ ಭಾನುವಾರ 60 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿತ್ತು (ಇಲ್ಲಿ ಡಿಗ್ರಿ ಅಂದ್ರೆಲ್ಲ ಫ್ಯಾರನ್‌ಹೀಟೇ), ಜನ ತೆಳ್ಳಗಿನ ಅಂಗಿ ಹಾಕ್ಕೊಂಡು ಓಡಾಡ್ತಿದ್ರು, ಅದರ ಮಾರನೇ ದಿನ ಶುರುವಾಗಿದ್ದು ಏಪ್ರಿಲ್ 1ಕ್ಕೆ ಮುಗಿಯೋ ಹೊತ್ತಿಗೆ ಲೋಗನ್ ಏರ್‌ಪೋರ್ಟಲ್ಲಿ 25.4 ಇಂಚು ಸ್ನೋ ಬಿದ್ದಿತ್ತು. 2018ರ ಮಾರ್ಚಲ್ಲಿ ಮೂರೇ ವಾರದೊಳಗೆ ಈಶಾನ್ಯದ ಗಾಳಿ ತರೋ ಕರಾವಳಿ ಸ್ಟಾರ್ಮ್‌ಗಳು, ಅಂದ್ರೆ ನಾಲ್ಕು ದೊಡ್ಡ ನಾರ್‌ಈಸ್ಟರ್‌ಗಳು ಒಂದರ ಹಿಂದೆ ಒಂದು ಬಂದ್ವು. ಬಾಸ್ಟನ್‌ಗೆ ವರ್ಷಕ್ಕೆ ಸರಾಸರಿ ಬೀಳೋದು ಸುಮಾರು 49 ಇಂಚು, ಅದರಲ್ಲಿ ಮಾರ್ಚ್ ಒಂದರ ಪಾಲೇ 9 ಇಂಚಿನ ಹತ್ತಿರ.

ಇದನ್ನ ಬರೀತಿರೋದು ಮುಖ್ಯವಾಗಿ ಮೊದಲನೇ ಅಥವಾ ಎರಡನೇ ಚಳಿಗಾಲ ನೋಡ್ತಿರೋ ಸ್ಟೂಡೆಂಟ್ಸ್‌ಗೆ, ಹೊಸದಾಗಿ ಮನೆ ತಗೊಂಡಿರೋರಿಗೆ, ಊರಿಂದ ಅಪ್ಪ ಅಮ್ಮನ್ನ ಕರೆಸ್ಕೊಂಡಿರೋರಿಗೆ. ಜನವರಿ ಸ್ನೋಗೂ ಮಾರ್ಚ್ ಸ್ನೋಗೂ ತುಂಬಾ ವ್ಯತ್ಯಾಸ ಇದೆ. ಜನವರಿಲಿ ಎಷ್ಟು ಇಂಚು ಅನ್ನೋದೇ ದೊಡ್ಡ ಪ್ರಶ್ನೆ, ಮಾರ್ಚಲ್ಲಿ ಬೀಳೋದು ಸ್ನೋನಾ ಮಳೆನಾ, ಗಾಳಿ ಯಾವ ಕಡೆಯಿಂದ, ಹಗಲಾ ರಾತ್ರಿನಾ, ಬಿದ್ದ ಮೇಲೆ ರಾತ್ರಿ ಎಷ್ಟು ಡಿಗ್ರಿಗೆ ಇಳಿಯುತ್ತೆ, ಇಷ್ಟೂ ನೋಡ್ಬೇಕು. ಫೋನಲ್ಲಿ ಕಾಣೋ ಒಂದು ನಂಬರ್ ನೋಡ್ಕೊಂಡು ಪ್ಲಾನ್ ಮಾಡಿದ್ರೆ ಕೆಲಸಕ್ಕೆ ಬರಲ್ಲ.

ಮೊದಲು ಸಮುದ್ರ ಏನು ಮಾಡುತ್ತೆ ತಿಳ್ಕೊಳ್ಳಿ

ನಮಗೆ ದೊಡ್ಡ ಸ್ನೋ ತರೋದು ಕರಾವಳಿ ಪಕ್ಕದಲ್ಲೇ ದಕ್ಷಿಣದಿಂದ ಉತ್ತರಕ್ಕೆ ಏರಿ ಬರೋ ಸ್ಟಾರ್ಮ್‌ಗಳು. ಸ್ಟಾರ್ಮ್ ಸುತ್ತ ಗಾಳಿ ಅಪ್ರದಕ್ಷಿಣೆ ಸುತ್ತುತ್ತೆ, ಹಾಗಾಗಿ ಅದು ನಮ್ಮ ದಕ್ಷಿಣಕ್ಕೆ ಸಮುದ್ರದ ಮೇಲಿದ್ದಾಗ ನಮಗೆ ಗಾಳಿ ಬೀಸೋದು ಈಶಾನ್ಯದಿಂದ. ಇಲ್ಲಿ ಟಿವಿಯಲ್ಲಿ ವೆದರ್ ಹೇಳೋರು ಬೆಂಚ್‌ಮಾರ್ಕ್ ಅಂತ ಒಂದು ಜಾಗದ ಹೆಸರು ಪದೇ ಪದೇ ಹೇಳ್ತಾರೆ, ಅದು 40 ಡಿಗ್ರಿ ಉತ್ತರ ಅಕ್ಷಾಂಶ, 70 ಡಿಗ್ರಿ ಪಶ್ಚಿಮ ರೇಖಾಂಶ, ನಾಂಟಕೆಟ್ ದ್ವೀಪದಿಂದ ಕೆಳಗೆ ಸಮುದ್ರದ ಮಧ್ಯೆ. ಸ್ಟಾರ್ಮ್ ಅದರ ಹತ್ತಿರ ಹಾದು ಹೋದ್ರೆ ಬಾಸ್ಟನ್‌ಗೆ ಸ್ನೋ ಜಾಸ್ತಿ. ಅದಕ್ಕಿಂತ ಒಳಗಡೆ, ನೆಲಕ್ಕೆ ಹತ್ತಿರವಾಗಿ ಬಂದ್ರೆ ಬಾಸ್ಟನ್‌ಗೆ ಮಳೆ, ಪಶ್ಚಿಮಕ್ಕೆ ಒಳನಾಡಲ್ಲಿರೋ ವೂಸ್ಟರ್ ಕಡೆಗೆ ಸ್ನೋ. ತುಂಬಾ ಹೊರಗೆ ಹೋದ್ರೆ ಎಲ್ಲರಿಗೂ ಬರೀ ಮೋಡ, ಗಾಳಿ. ಐವತ್ತು ಮೈಲಿ ಆಕಡೆ ಈಕಡೆ ಆದ್ರೆ ಪೂರ್ತಿ ಕಥೆನೇ ಬದಲಾಗುತ್ತೆ, ಅದಕ್ಕೇ ನಾಲ್ಕು ದಿನ ಮುಂಚೆ ಯಾರಾದ್ರೂ ಇಷ್ಟೇ ಇಂಚು ಅಂತ ಖಡಾಖಂಡಿತ ಹೇಳಿದ್ರೆ ನಂಬಕ್ಕೆ ಹೋಗ್ಬೇಡಿ.

ಫೆಬ್ರವರಿ ಕೊನೆ, ಮಾರ್ಚ್ ಶುರುವಲ್ಲಿ ಮ್ಯಾಸಚೂಸೆಟ್ಸ್ ಬೇ ನೀರು ವರ್ಷದಲ್ಲೇ ಅತ್ಯಂತ ತಣ್ಣಗಿರುತ್ತೆ, 40 ಡಿಗ್ರಿ ಸುತ್ತಮುತ್ತ, ಅಂದ್ರೆ ನಮ್ಮ ಲೆಕ್ಕದಲ್ಲಿ ನಾಲ್ಕು ಡಿಗ್ರಿ ಸೆಲ್ಸಿಯಸ್. ಡಿಸೆಂಬರಲ್ಲಿ ಇದೇ ನೀರು ಇನ್ನೂ ಬೆಚ್ಚಗಿರೋದ್ರಿಂದ ಸಮುದ್ರದ ಗಾಳಿ ಬಂದ ತಕ್ಷಣ ಸ್ನೋ ಮಳೆ ಆಗಿಬಿಡೋದು ಜಾಸ್ತಿ, ಮಾರ್ಚಲ್ಲಿ ಆ ರಕ್ಷಣೆ ಕಮ್ಮಿ. ಆದ್ರೂ 40 ಅನ್ನೋದು ನೀರು ಹೆಪ್ಪುಗಟ್ಟೋ 32ಕ್ಕಿಂತ ಮೇಲೇ ಅಲ್ವಾ, ಹಾಗಾಗಿ ನೇರ ಪೂರ್ವದಿಂದ ಗಾಳಿ ಬಂದ್ರೆ ಸಮುದ್ರದ ಪಕ್ಕದ ಕ್ವಿನ್ಸಿ, ವಿಂತ್ರಾಪ್, ಸೌತ್ ಬಾಸ್ಟನ್ ಇಲ್ಲೆಲ್ಲ ಮಳೆಗೆ ತಿರುಗೋ ಚಾನ್ಸ್ ಇದ್ದೇ ಇರುತ್ತೆ, ಗಾಳಿ ಉತ್ತರಕ್ಕೆ ವಾಲಿದ್ರೆ ಒಳನಾಡಿನ ಚಳಿ ಎಳ್ಕೊಂಡು ಬಂದು ಅದೇ ಜಾಗದಲ್ಲಿ ಸ್ನೋ ಬೀಳ್ಸುತ್ತೆ. ಇದೊಂದು ನೆನಪಿಟ್ಕೊಂಡ್ರೆ ಅರ್ಧ ಫೋರ್‌ಕಾಸ್ಟ್ ನೀವೇ ಓದಬಹುದು.

ಇನ್ನೊಂದು ಸೂರ್ಯ. ಮಾರ್ಚ್ ಮಧ್ಯದ ಬಿಸಿಲಿಗೆ ಸೆಪ್ಟೆಂಬರ್ ಕೊನೆಯ ಬಿಸಿಲಿನಷ್ಟೇ ಬಲ ಇರುತ್ತೆ, ಮೋಡ ಇದ್ರೂ ಅದರ ಶಾಖ ಡಾಂಬರಿಗೆ ತಾಗುತ್ತೆ. ಹಾಗಾಗಿ ಮಧ್ಯಾಹ್ನ ಹಗುರವಾಗಿ ಬೀಳೋ ಸ್ನೋ ಹುಲ್ಲು, ಕಾರಿನ ಮೇಲೆ ಕೂತ್ರೂ ರಸ್ತೆ ಬರೀ ಒದ್ದೆ ಆಗಿರುತ್ತೆ. ಅದೇ ಪ್ರಮಾಣದ ಸ್ನೋ ರಾತ್ರಿ ಎರಡು ಗಂಟೆಗೆ ಬಿದ್ರೆ ಬೆಳಗ್ಗೆ ಹೊತ್ತಿಗೆ ರಸ್ತೆ ಪೂರ್ತಿ ಬೆಳ್ಳಗೆ. ಫೋರ್‌ಕಾಸ್ಟಲ್ಲಿ ಇಂಚಿಗಿಂತ ಮೊದಲು ಟೈಮ್ ನೋಡಿ ಅನ್ನೋದು ಅದಕ್ಕೇ.

ಫೋರ್‌ಕಾಸ್ಟ್ ನೋಡೋ ಕ್ರಮ

ಐದಾರು ದಿನ ಮುಂಚೆ: ಈ ಹಂತದಲ್ಲಿ ಇಂಚಿನ ಲೆಕ್ಕ ಪೂರ್ತಿ ಬಿಟ್ಟುಬಿಡಿ. ವಾಟ್ಸಾಪಲ್ಲಿ ನೇರಳೆ, ಗುಲಾಬಿ ಬಣ್ಣದ ಮ್ಯಾಪ್ ಬರುತ್ತೆ, 30 ಇಂಚು ಅಂತ ಬರ್ದಿರುತ್ತೆ, ಅದು ಸಾಮಾನ್ಯವಾಗಿ ಅಮೆರಿಕನ್ ಜಿಎಫ್‌ಎಸ್ ಅಥವಾ ಯುರೋಪಿಯನ್ ಮಾಡೆಲ್‌ನ, ಅಂದ್ರೆ ಕಂಪ್ಯೂಟರ್ ಲೆಕ್ಕ ಹಾಕೋ ಫೋರ್‌ಕಾಸ್ಟ್‌ನ, ಒಂದೇ ಒಂದು ರನ್. ಮುಂದಿನ ರನ್ನಲ್ಲಿ ಅದೇ ಸ್ಟಾರ್ಮ್ ಸಮುದ್ರದ ಆಚೆ ಹೋಗಿರುತ್ತೆ. ಆ ಮ್ಯಾಪ್‌ನ ಫಾರ್ವರ್ಡ್ ಮಾಡಬೇಡಿ, ಊರಲ್ಲಿರೋ ಅಮ್ಮಂಗೆ ಹೋಗಿ ಸೇರಿದ್ರೆ ಅವರು ರಾತ್ರಿಯೆಲ್ಲ ನಿದ್ದೆ ಮಾಡಲ್ಲ. ನೀವು ತಿಳ್ಕೊಬೇಕಾಗಿದ್ದು ಇಷ್ಟೇ, ಯಾವ ದಿನದ ಸುತ್ತಮುತ್ತ ಸ್ಟಾರ್ಮ್ ಬರಬಹುದು. ಆ ದಿನಕ್ಕೆ ಡಾಕ್ಟರ್ ಅಪಾಯಿಂಟ್‌ಮೆಂಟು, ಫ್ಲೈಟು, ಲ್ಯಾಬ್ ಡೆಮೋ ಏನಾದ್ರೂ ಇದ್ರೆ ಬದಲಿ ದಿನ ಯೋಚ್ನೆ ಮಾಡಿಟ್ಕೊಳ್ಳಿ.

ಎರಡು ದಿನ ಮುಂಚೆ: ನಮ್ಮ ಏರಿಯಾಗೆ ನ್ಯಾಷನಲ್ ವೆದರ್ ಸರ್ವಿಸ್ ಆಫೀಸಿರೋದು ನಾರ್ಟನ್ ಅನ್ನೋ ಊರಲ್ಲಿ. ಅವರ ಸೈಟಲ್ಲಿ ನಿಮ್ಮ ಜಿಪ್ ಕೋಡ್ ಹಾಕಿ. ವಿಂಟರ್ ಸ್ಟಾರ್ಮ್ ವಾಚ್ ಅಂತಿದ್ರೆ ಬರೋ ಸಾಧ್ಯತೆ ಚೆನ್ನಾಗಿದೆ, ತಯಾರಿ ಶುರು ಮಾಡಿ ಅಂತ. ವಾರ್ನಿಂಗ್ ಅಂದ್ರೆ ಬರೋದು ಹೆಚ್ಚುಕಮ್ಮಿ ಗ್ಯಾರಂಟಿ, ಓಡಾಟಕ್ಕೆ ಅಪಾಯ. ಅಡ್ವೈಸರಿ ಅಂದ್ರೆ ಪ್ರಮಾಣ ಕಮ್ಮಿ ಆದ್ರೂ ತೊಂದ್ರೆ ಇದೆ, ಇದನ್ನ ಜನ ಕಡೆಗಣಿಸ್ತಾರೆ, ನನ್ನ ಪ್ರಕಾರ ಬೆಳಗ್ಗೆ ಆಫೀಸ್ ಟೈಮಿಗೆ ಬೀಳೋ ಎರಡು ಇಂಚಿನ ಅಡ್ವೈಸರಿ, ಭಾನುವಾರ ರಾತ್ರಿ ಬೀಳೋ ಎಂಟು ಇಂಚಿಗಿಂತ ಹೆಚ್ಚು ಆಕ್ಸಿಡೆಂಟ್ ಮಾಡ್ಸುತ್ತೆ. ಬ್ಲಿಜರ್ಡ್ ವಾರ್ನಿಂಗ್‌ಗೂ ಇಂಚಿಗೂ ನೇರ ಸಂಬಂಧ ಇಲ್ಲ, ಮೂರು ಗಂಟೆ ಕಾಲ 35 ಮೈಲಿ ವೇಗದ ಗಾಳಿ ಮತ್ತೆ ಕಾಲು ಮೈಲಿಗಿಂತ ದೂರ ಏನೂ ಕಾಣದ ಹಾಗೆ ಸ್ನೋ ಇದ್ರೆ ಅದು ಬ್ಲಿಜರ್ಡ್. ಅವತ್ತು ಕಾರು ತೆಗೀಲೇಬೇಡಿ.

ಅದೇ ಸೈಟಲ್ಲಿ ಮೂರು ಮ್ಯಾಪ್ ಅಕ್ಕಪಕ್ಕ ಕೊಟ್ಟಿರ್ತಾರೆ, ಕಮ್ಮಿ ಅಂದ್ರೆ ಎಷ್ಟು, ಹೆಚ್ಚಾಗಿ ನಿರೀಕ್ಷೆ ಎಷ್ಟು, ತುಂಬಾ ಜಾಸ್ತಿ ಅಂದ್ರೆ ಎಷ್ಟು ಅಂತ. ಮಾರ್ಚಲ್ಲಿ ಈ ಮೂರಕ್ಕೂ ಮಧ್ಯೆ ಅಂತರ ಎಷ್ಟಿದೆ ಅನ್ನೋದೇ ಮುಖ್ಯ ಮಾಹಿತಿ. ಕಮ್ಮಿ 1, ಜಾಸ್ತಿ 14 ಅಂತಿದ್ರೆ ಮಳೆ-ಸ್ನೋ ಗೆರೆ ನಿಮ್ಮ ಮನೆ ಮೇಲೇ ಎಲ್ಲೋ ಓಡಾಡ್ತಿದೆ ಅಂತ ಅರ್ಥ, ಅಂಥಾ ಟೈಮಲ್ಲಿ ಜಾಸ್ತಿ ಲೆಕ್ಕಕ್ಕೆ ತಯಾರಾಗಿ. ಈ ಗೆರೆನ ಇಲ್ಲಿ ಬಾಸ್ಟನ್ ಸುತ್ತ ಬಳಸಿ ಹೋಗೋ ಹೈವೇಗಳ ಹೆಸರಲ್ಲಿ ಹೇಳ್ತಾರೆ, ಹತ್ತಿರದ್ದು 128, ಅದರಾಚೆ 495, ಸೋ 128ರ ಒಳಗೆ ಮಿಕ್ಸ್, 495ರ ಆಚೆ ಪೂರ್ತಿ ಸ್ನೋ, ಈ ಥರ. ಬರ್ಲಿಂಗ್ಟನ್, ವಾಲ್ಥಮ್ ಕಡೆ ಇರೋರು ಹೆಚ್ಚುಕಮ್ಮಿ 128ರ ಮೇಲೇ ಇದ್ದೀರ, ಸೋ ನಿಮಗೆ ಎರಡೂ ಆಗಬಹುದು. ಶ್ರೂಸ್‌ಬರಿ, ವೂಸ್ಟರ್ ಅಂದ್ರೆ ಎತ್ತರದ ಜಾಗ, ವೂಸ್ಟರ್ ಏರ್‌ಪೋರ್ಟೇ ಸುಮಾರು ಸಾವಿರ ಅಡಿ ಮೇಲಿದೆ, ಅಲ್ಲಿ ವರ್ಷದ ಸರಾಸರಿ 70 ಇಂಚಿನ ಸುತ್ತಮುತ್ತ. ಬಾಸ್ಟನ್ನಲ್ಲಿ ಕೆಲಸ, ಶ್ರೂಸ್‌ಬರಿಯಲ್ಲಿ ಮನೆ ಅನ್ನೋರು ಎರಡೂ ಜಿಪ್ ಕೋಡ್ ನೋಡ್ಬೇಕು, ಆಫೀಸ್ ಕಿಟಕಿಯಿಂದ ಬರೀ ಮಳೆ ಕಾಣ್ತಿದೆ ಅಂತ ಸಂಜೆ ಆರಾಮಾಗಿ ಹೊರಟ್ರೆ ಮಧ್ಯದಾರಿಯಲ್ಲಿ ಸಿಕ್ಕಾಕ್ಕೊಳ್ತೀರ.

ಅದೇ ದಿನ: ಗಂಟೆ ಗಂಟೆಯ ಗ್ರಾಫಲ್ಲಿ ಮೂರು ನೋಡಿ, ಟೆಂಪರೇಚರ್, ಗಾಳಿಯ ದಿಕ್ಕು, ಎಷ್ಟೊತ್ತಿಗೆ ನಿಲ್ಲುತ್ತೆ. ಕಿಟಕಿಗೂ ಕಿವಿ ಕೊಡಿ. ಸ್ನೋ ಸದ್ದಿಲ್ಲದೆ ಬೀಳುತ್ತೆ, ಗಾಜಿನ ಮೇಲೆ ಅಕ್ಕಿ ಚೆಲ್ಲಿದ ಹಾಗೆ ಚಟಪಟ ಅಂತ ಶುರುವಾದ್ರೆ ಅದು ಸ್ಲೀಟ್, ಅಂದ್ರೆ ಸಣ್ಣ ಐಸ್ ಕಾಳು, ಮೇಲಿನ ಗಾಳಿ ಬೆಚ್ಚಗಾಗ್ತಾ ಇದೆ ಅಂತ, ಇಂಚು ಏರೋದು ಅಲ್ಲಿಗೆ ನಿಧಾನ ಆಗುತ್ತೆ, ಆದ್ರೆ ಕೆಳಗೆ ಬಿದ್ದಿರೋದು ಗಟ್ಟಿಯಾಗಿ, ಭಾರವಾಗಿ ಕೂರುತ್ತೆ.

ಮನೆ ಒಳಗೆ

ಸ್ಟಾರ್ಮ್ ಅಂದ ತಕ್ಷಣ ಇಲ್ಲಿನ ಜನ ಬ್ರೆಡ್ಡು, ಹಾಲು, ಮೊಟ್ಟೆ ತಗೊಳ್ಳಕ್ಕೆ ಮುಗಿಬೀಳ್ತಾರೆ. ನಮಗೆ ಬೇಕಾಗೋದು ಬೇರೆ. ಅವಲಕ್ಕಿ, ರವೆ, ಹುರಿದ ಶೇಂಗಾ, ಚಟ್ನಿಪುಡಿ, ಒಂದು ಡಬ್ಬಿ ಮೊಸರು, ಇಷ್ಟಿದ್ರೆ ಕರೆಂಟ್ ಇಲ್ದೇ ಎರಡು ದಿನ ನಡಿಯುತ್ತೆ, ಅವಲಕ್ಕಿ ನೆನೆಸಿ ಮೊಸರು ಹಾಕ್ಕೊಂಡ್ರೆ ಆಯ್ತು. ಹಿಂದಿನ ದಿನವೇ ದೋಸೆ ಹಿಟ್ಟು ರುಬ್ಬಿಟ್ಕೊಳ್ಳಿ, ಗ್ಯಾಸ್ ಸ್ಟೋವ್ ಇರೋರು ಕರೆಂಟ್ ಹೋದ್ರೂ ಬೆಂಕಿಕಡ್ಡಿಯಿಂದ ಬರ್ನರ್ ಹಚ್ಚಬಹುದು, ಇಂಡಕ್ಷನ್ ಅಥವಾ ಕಾಯಿಲ್ ಇರೋರಿಗೆ ಅದಿಲ್ಲ.

ಕರೆಂಟ್ ವಿಷಯ ಇಷ್ಟು ಹೇಳ್ತಿರೋದಕ್ಕೆ ಕಾರಣ ಇದೆ. ಜನವರಿಯ ಒಣ ಸ್ನೋ ಕೊಂಬೆ ಮೇಲೆ ಕೂರಲ್ಲ, ಗಾಳಿಗೆ ಹಾರಿಹೋಗುತ್ತೆ. ಮಾರ್ಚಲ್ಲಿ 32-33 ಡಿಗ್ರಿಯಲ್ಲಿ ಬೀಳೋ ಒದ್ದೆ ಸ್ನೋ ಕೊಂಬೆಗೆ, ವೈರಿಗೆ ಅಂಟ್ಕೊಳ್ಳುತ್ತೆ, ಮೇಲಿಂದ 50 ಮೈಲಿ ಗಾಳಿ ಬಂದ್ರೆ ಕೊಂಬೆ ಮುರಿದು ಲೈನ್ ಮೇಲೆ ಬೀಳುತ್ತೆ. ಫೋನು, ಪವರ್ ಬ್ಯಾಂಕು, ಟಾರ್ಚು ಹಿಂದಿನ ರಾತ್ರಿನೇ ಚಾರ್ಜ್ ಇರ್ಲಿ. ಫ್ರಿಜ್ ಬಾಗಿಲು ತೆಗೀದೇ ಇದ್ರೆ ಒಳಗಿನ ಊಟ ನಾಲ್ಕು ಗಂಟೆ ಇರುತ್ತೆ, ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ. ಬಿದ್ದ ವೈರ್ ಕಂಡ್ರೆ ಹತ್ತಿರ ಹೋಗದೆ 911ಗೆ ಫೋನ್ ಮಾಡಿ. ಇನ್ಸುಲಿನ್, ಬಿಪಿ ಮಾತ್ರೆ ಇರೋರು ಸ್ಟಾರ್ಮ್ ಮುಂಚೆನೇ ರೀಫಿಲ್ ತಗೊಳ್ಳಿ.

ಈಗ ಇಡೀ ಲೇಖನದಲ್ಲಿ ನಾನು ಅತಿ ಮುಖ್ಯ ಅಂದ್ಕೊಂಡಿರೋ ಮಾತು. ಗ್ಯಾಸ್ ಹೀಟರ್, ಡ್ರೈಯರ್ ಇವುಗಳ ಹೊಗೆ ಹೋಗೋ ಪೈಪು ಎಷ್ಟೋ ಮನೆಗಳಲ್ಲಿ ಗೋಡೆಯಿಂದ ಹೊರಗೆ, ನೆಲದಿಂದ ಒಂದೆರಡು ಅಡಿ ಎತ್ತರದಲ್ಲಿರುತ್ತೆ. ಗಾಳಿಗೆ ಸ್ನೋ ಅಲ್ಲಿ ರಾಶಿ ಬಿದ್ದು ಪೈಪು ಮುಚ್ಚಿದ್ರೆ ಕಾರ್ಬನ್ ಮಾನಾಕ್ಸೈಡ್ ಮನೆ ಒಳಗೆ ತುಂಬುತ್ತೆ, ವಾಸನೆ ಇಲ್ಲ, ಬಣ್ಣ ಇಲ್ಲ, ಬರೀ ತಲೆನೋವು, ವಾಕರಿಕೆ, ನಿದ್ದೆ ಬಂದ ಹಾಗೆ. 2005ರ ಜನವರಿ ಸ್ಟಾರ್ಮಲ್ಲಿ ಪ್ಲಿಮತ್ ಊರಲ್ಲಿ ಏಳು ವರ್ಷದ ಹುಡುಗಿ ಹೀಗೇ ತೀರ್ಕೊಂಡ್ಳು, ಅದಾದ ಮೇಲೆನೇ ಮ್ಯಾಸಚೂಸೆಟ್ಸಲ್ಲಿ ಮನೆಗಳಿಗೆ ಸಿಒ (ಕಾರ್ಬನ್ ಮಾನಾಕ್ಸೈಡ್) ಅಲಾರಂ ಕಡ್ಡಾಯ ಮಾಡಿ ಕಾನೂನು ಬಂದಿದ್ದು. ಇವತ್ತೇ ಮನೆ ಸುತ್ತ ಒಂದು ಸುತ್ತು ಹಾಕಿ ಆ ಪೈಪು ಎಲ್ಲಿದೆ ನೋಡ್ಕೊಳ್ಳಿ, ಅಲಾರಮ್ಮಿನ ಬಟನ್ ಒತ್ತಿ ಟೆಸ್ಟ್ ಮಾಡಿ. ಸ್ನೋ ಬೀಳ್ತಿರೋವಾಗ ಮೊದಲು ಕ್ಲಿಯರ್ ಮಾಡೋದು ಡ್ರೈವ್‌ವೇ ಅಲ್ಲ, ಆ ಪೈಪು. ಕರೆಂಟ್ ಹೋಯ್ತು ಅಂತ ಇದ್ದಿಲಿನ ಗ್ರಿಲ್ಲು, ಕ್ಯಾಂಪಿಂಗ್ ಸ್ಟೋವು, ಜನರೇಟರು ಯಾವುದನ್ನೂ ಮನೆ ಒಳಗೆ ಅಥವಾ ಗರಾಜಲ್ಲಿ ಹಚ್ಚಬೇಡಿ, ಗ್ಯಾಸ್ ಒಲೆ ಉರಿಸಿಟ್ಟು ಮನೆ ಬೆಚ್ಚಗೆ ಮಾಡ್ಕೊಳ್ಳೋ ಯೋಚ್ನೆನೂ ಬೇಡ.

ಬಾಡಿಗೆ ಮನೆಯಲ್ಲಿರೋ ಸ್ಟೂಡೆಂಟ್ಸ್ ಗಮನಕ್ಕೆ, ಹೀಟಿಂಗ್ ಸೀಸನ್ನಲ್ಲಿ ಲ್ಯಾಂಡ್‌ಲಾರ್ಡ್ ಹಗಲಲ್ಲಿ 68, ರಾತ್ರಿ 64 ಡಿಗ್ರಿ ಬರೋ ಹಾಗೆ ಹೀಟಿಂಗ್ ವ್ಯವಸ್ಥೆ ಸರಿಯಾಗಿಟ್ಟಿರಬೇಕು ಅಂತ ರಾಜ್ಯದ ನಿಯಮ ಇದೆ. ಚಳಿ ತಡ್ಕೊಂಡು ಸುಮ್ನೆ ಕೂರಬೇಡಿ, ಥರ್ಮಾಮೀಟರ್ ಫೋಟೋ ತೆಗೆದು ಬರೆದು ಕಳಿಸಿ, ಆಗ್ಲಿಲ್ಲ ಅಂದ್ರೆ ಬಾಸ್ಟನ್ ಒಳಗಿರೋರು ಸಿಟಿಯ ಸಹಾಯವಾಣಿ 311ಕ್ಕೆ ಫೋನ್ ಮಾಡಿ.

ಕಾರು

ಮೊದಲು ಪಾರ್ಕಿಂಗ್. ಬಾಸ್ಟನ್ ಸಿಟಿ ಸ್ನೋ ಎಮರ್ಜೆನ್ಸಿ ಅಂತ ಘೋಷಣೆ ಮಾಡಿದ್ರೆ ಮುಖ್ಯ ರಸ್ತೆಗಳಲ್ಲಿ ಕಾರು ನಿಲ್ಲಿಸೋ ಹಾಗಿಲ್ಲ, ನಿಲ್ಸಿದ್ರೆ ಟೋ ಮಾಡಿ ತಗೊಂಡ್ಹೋಗ್ತಾರೆ, ದಂಡ, ಟೋ ಖರ್ಚು ಎಲ್ಲ ಸೇರಿ ದೊಡ್ಡ ಮೊತ್ತ ಆಗುತ್ತೆ. ರೆಸಿಡೆಂಟ್ ಸ್ಟಿಕರ್ ಇದ್ದೋರಿಗೆ ಕೆಲವು ಗರಾಜುಗಳಲ್ಲಿ ಆ ಟೈಮಲ್ಲಿ ಡಿಸ್ಕೌಂಟ್ ರೇಟು ಇರುತ್ತೆ, ಬೇಗ ತುಂಬುತ್ತೆ, ಘೋಷಣೆ ಬಂದ ಕೂಡಲೇ ಹೋಗಿ. ಕೇಂಬ್ರಿಡ್ಜು, ಸಾಮರ್‌ವಿಲ್ಲು, ಮಾಲ್ಡನ್ನು ಒಂದೊಂದಕ್ಕೂ ಅದರದ್ದೇ ರೂಲ್ಸು, ಎಷ್ಟೋ ಊರುಗಳಲ್ಲಿ ಸ್ನೋ ಇರ್ಲಿ ಬಿಡ್ಲಿ ಚಳಿಗಾಲ ಪೂರ್ತಿ ರಾತ್ರಿ ರಸ್ತೆ ಮೇಲೆ ಕಾರು ಬಿಡೋ ಹಾಗೇ ಇಲ್ಲ. ನಿಮ್ಮ ಸಿಟಿಯ ಅಲರ್ಟಿಗೆ ಫೋನ್ ನಂಬರ್ ರಿಜಿಸ್ಟರ್ ಮಾಡಿ, ಎರಡು ನಿಮಿಷದ ಕೆಲಸ.

ಇನ್ನೊಂದು ಇಲ್ಲಿನ ಪದ್ಧತಿ. ಕಷ್ಟಪಟ್ಟು ಶವೆಲ್ ಮಾಡಿ ಕಾರು ತೆಗೆದ ಜಾಗಕ್ಕೆ ಜನ ಹಳೇ ಕುರ್ಚಿ, ಟ್ರಾಫಿಕ್ ಕೋನ್ ಇಡ್ತಾರೆ. ಬಾಸ್ಟನ್ನಲ್ಲಿ ಎಮರ್ಜೆನ್ಸಿ ಮುಗಿದ ಮೇಲೆ 48 ಗಂಟೆ ತನಕ ಅದಕ್ಕೆ ಅವಕಾಶ ಇದೆ, ಸೌತ್ ಎಂಡಲ್ಲಿ ಮಾತ್ರ ಇಲ್ಲ. ಖಾಲಿ ಇದೆ ಅಂತ ಕುರ್ಚಿ ಪಕ್ಕಕ್ಕಿಟ್ಟು ನಿಮ್ಮ ಕಾರು ನಿಲ್ಲಿಸಬೇಡಿ, ಟೈರ್ ಪಂಕ್ಚರ್ ಆಗಿರೋ ಉದಾಹರಣೆ ಬೇಕಾದಷ್ಟಿದೆ.

ಪೆಟ್ರೋಲ್ ಅರ್ಧ ಟ್ಯಾಂಕಿಗಿಂತ ಜಾಸ್ತಿ ಇರ್ಲಿ, ವಾಷರ್ ಫ್ಲೂಯಿಡ್ ಮೈನಸ್ 20 ಡಿಗ್ರಿಯದ್ದು ಹಾಕಿ, ಮಾರ್ಚಲ್ಲಿ ರಸ್ತೆಯ ಉಪ್ಪು ನೀರು ಗಾಜಿಗೆ ಎರಚಿ ಬೆಳ್ಳಗೆ ಒಣಗುತ್ತೆ, ಎದುರು ಬಿಸಿಲು ಬಂದ್ರೆ ಏನೂ ಕಾಣಲ್ಲ, ಒಂದು ಬಾಟ್ಲಿ ಬೇಗ ಖಾಲಿ ಆಗುತ್ತೆ. ಸ್ನೋ ಟೈರ್ ಇಲ್ಲಿ ಕಡ್ಡಾಯ ಅಲ್ಲ, ಆದ್ರೆ ಹಾಕ್ಸಿರೋರು ಏಪ್ರಿಲ್ ಮಧ್ಯದವರೆಗೂ ತೆಗೀಬೇಡಿ. ಹೊರಡೋ ಮುಂಚೆ ಕಾರಿನ ಟಾಪ್ ಮೇಲಿನ ಸ್ನೋ ಪೂರ್ತಿ ತೆಗೀರಿ, ಗಾಜು ಮಾತ್ರ ಒರೆಸ್ಕೊಂಡು ಹೋದ್ರೆ ಬ್ರೇಕ್ ಹಾಕಿದಾಗ ಇಡೀ ಪದರ ನಿಮ್ಮ ಮುಂದಿನ ಗಾಜಿಗೇ ಜಾರಿ ಬೀಳುತ್ತೆ, ಇಲ್ಲಾ ಹೈವೇನಲ್ಲಿ ಐಸ್ ಹಲಗೆ ಥರ ಹಾರಿ ಹಿಂದಿನ ಕಾರಿಗೆ ಹೊಡಿಯುತ್ತೆ, ಪೊಲೀಸರು ದಂಡ ಹಾಕ್ತಾರೆ.

ಎಂಜಿನ್ ಸ್ಟಾರ್ಟ್ ಮಾಡೋ ಮುಂಚೆ ಎಕ್ಸಾಸ್ಟ್ ಪೈಪ್ ಸುತ್ತ ಸ್ನೋ ತೆಗೀರಿ. 2013ರ ಫೆಬ್ರವರಿ ಬ್ಲಿಜರ್ಡಲ್ಲಿ ಬಾಸ್ಟನ್ನಲ್ಲೇ ಅಪ್ಪ ಶವೆಲ್ ಮಾಡ್ತಿರೋವಾಗ ಬೆಚ್ಚಗಿರ್ಲಿ ಅಂತ ಕಾರಲ್ಲಿ ಕೂತಿದ್ದ 11 ವರ್ಷದ ಹುಡುಗ ಹೊಗೆ ಒಳಗೆ ತುಂಬಿ ಪ್ರಾಣ ಬಿಟ್ಟ. ಮಕ್ಕಳನ್ನ ಕಾರಲ್ಲಿ ಕೂರಿಸಿ ಶವೆಲ್ ಮಾಡಬೇಡಿ. ಮನೆ ಒಳಗೇ ಇರ್ಲಿ ಅವರು.

ಶವೆಲ್ ಮಾಡೋದು

ಒಂದು ಲೆಕ್ಕ ನೋಡಿ. ಒಂದು ಅಡಿ ಒದ್ದೆ ಸ್ನೋ ಅಂದ್ರೆ ಒಂದು ಚದರ ಮೀಟರಿಗೆ 40 ಕೆಜಿ ದಾಟುತ್ತೆ. ಎರಡು ಕಾರು ನಿಲ್ಲೋ ಡ್ರೈವ್‌ವೇ 45 ಚದರ ಮೀಟರ್ ಅಂತ ಇಟ್ಕೊಳ್ಳಿ, ಹತ್ತಿರ ಹತ್ತಿರ ಎರಡು ಟನ್ ಆಯ್ತು. ಅದನ್ನ ಬೆಳಗ್ಗೆ ಎದ್ದು ಕಾಫಿನೂ ಕುಡೀದೇ ಒಂದೇ ಸಲಕ್ಕೆ ಎತ್ತಕ್ಕೆ ಹೋಗೋದು ಹೃದಯಕ್ಕೆ ಒಳ್ಳೇದಲ್ಲ. 45-50 ದಾಟಿರೋರು, ಶುಗರ್ ಬಿಪಿ ಇರೋರು, ಊರಿಂದ ಬಂದಿರೋ ಮಾವ ಸಹಾಯ ಮಾಡ್ತೀನಿ ಅಂತ ಹೊರಗೆ ಬಂದ್ರೆ, ದಯವಿಟ್ಟು ಒಳಗೆ ಕಳ್ಸಿ. ಪ್ಲೋ ಮಾಡೋರಿಗೆ, ಅಂದ್ರೆ ಗಾಡಿಯಿಂದ ಸ್ನೋ ತಳ್ಳಿ ಕ್ಲಿಯರ್ ಮಾಡೋರಿಗೆ, ದುಡ್ಡು ಕೊಡೋದ್ರಲ್ಲಿ ನಾಚಿಕೆ ಏನೂ ಇಲ್ಲ.

ಮಾಡೋ ಕ್ರಮ ಹೀಗೆ. ಬೀಳ್ತಿರೋವಾಗ್ಲೇ ನಾಲ್ಕೈದು ಇಂಚಿಗೆ ಒಂದ್ಸಲ ತೆಗೀರಿ, ಎತ್ತಬೇಡಿ, ತಳ್ಳಿ. ಮಳೆಗೆ ತಿರುಗುತ್ತೆ ಅಂತ ಫೋರ್‌ಕಾಸ್ಟ್ ಇದ್ರೆ ತಿರುಗೋ ಮುಂಚೆನೇ ಮುಗಿಸಿ, ಮಳೆ ನೀರು ಕುಡಿದ ಸ್ನೋ ಇನ್ನೂ ಭಾರ ಆಗುತ್ತೆ, ಸಂಜೆ ಚಳಿಗೆ ಅದೇ ಗಟ್ಟಿ ಐಸ್. ಮಳೆ ಬಂದು ಎಲ್ಲಾ ಕರಗಿಸುತ್ತೆ ಬಿಡಿ ಅನ್ನೋ ಲೆಕ್ಕಾಚಾರ ಮಾರ್ಚಲ್ಲಿ ಅಪರೂಪಕ್ಕೆ ವರ್ಕ್ ಆಗುತ್ತೆ.

ಕೊನೆಗೆ ಡ್ರೈವ್‌ವೇ ಬಾಯಿಗೆ ಪ್ಲೋ ಲಾರಿ ಬಿಟ್ಟು ಹೋಗಿರೋ ಗೋಡೆ. ಇದರಲ್ಲಿ ಸ್ನೋ ಮಾತ್ರ ಅಲ್ಲ, ಬೂದು ಬಣ್ಣದ ಕೆಸರು, ಮರಳು, ಉಪ್ಪು, ಫುಟ್ಬಾಲ್ ಗಾತ್ರದ ಐಸ್ ಗಡ್ಡೆಗಳು ಎಲ್ಲಾ ಒತ್ತಿ ಕೂತಿರುತ್ತೆ. ಪ್ಲಾಸ್ಟಿಕ್ ಶವೆಲ್ ಹಾಕಿದ್ರೆ ಅಂಚು ಬಾಗುತ್ತೆ. ಲೋಹದ ಅಂಚಿರೋ ಶವೆಲ್ಲು ಅಥವಾ ಚಪ್ಪಟೆ ಸನಿಕೆ ತಗೊಂಡು ಮೇಲಿಂದ ಪದರ ಪದರವಾಗಿ ಕಡೀರಿ, ಅರ್ಧ ಶವೆಲ್ಲಿಗಿಂತ ಜಾಸ್ತಿ ತುಂಬಬೇಡಿ, ಹಾಕೋದು ರಸ್ತೆ ಕಡೆ ಮುಖ ಮಾಡಿ ನಿಂತಾಗ ನಿಮ್ಮ ಬಲಗಡೆಗೆ. ಎಡಕ್ಕೆ ಹಾಕಿದ್ರೆ ಮುಂದಿನ ಪ್ಲೋ ಬಂದು ಅದನ್ನೇ ವಾಪಸ್ ನಿಮ್ಮ ಡ್ರೈವ್‌ವೇ ಬಾಯಿಗೆ ತಂದು ಹಾಕುತ್ತೆ. ಅದನ್ನ ಮಾರನೇ ದಿನಕ್ಕೆ ಬಿಟ್ರೆ ಸಲಾಕೆ ಬೇಕಾಗುತ್ತೆ, ಅವತ್ತೇ ಮುಗಿಸಿ. ತೆಗೆದಿದ್ದನ್ನ ರಸ್ತೆಗೆ ಎಸೆಯೋದು ತಪ್ಪು, ದಂಡ ಇದೆ.

ಬಾಸ್ಟನ್ನಲ್ಲಿ ಮನೆ ಮುಂದಿನ ಸೈಡ್‌ವಾಕನ್ನ ಸ್ನೋ ನಿಂತ ಮೂರು ಗಂಟೆ ಒಳಗೆ, ರಾತ್ರಿ ನಿಂತಿದ್ರೆ ಸೂರ್ಯ ಹುಟ್ಟಿ ಮೂರು ಗಂಟೆ ಒಳಗೆ ಕ್ಲಿಯರ್ ಮಾಡ್ಬೇಕು, ಅಗಲ ಕನಿಷ್ಠ 42 ಇಂಚು, ವೀಲ್‌ಚೇರು, ಸ್ಟ್ರೋಲರ್ ಹೋಗೋ ಹಾಗೆ. ಪಕ್ಕದಲ್ಲಿ ಫೈರ್ ಹೈಡ್ರಂಟ್ ಇದ್ರೆ ಅದರ ಸುತ್ತನೂ ತೆಗೀರಿ, ಯಾರ ಕೆಲಸ ಅಂತ ನೋಡಬೇಡಿ.

ಹಾರ್ಬರ್ ಪಕ್ಕ ಇರೋರು ಟೈಡ್ ನೋಡಿ

ಒಳನಾಡಿನ ಸ್ನೋಗೆ ಇಲ್ಲದ ತೊಂದ್ರೆ ಇದು. ಈಶಾನ್ಯದ ಗಾಳಿ ಗಂಟೆಗಟ್ಟಲೆ ನೀರನ್ನ ದಡಕ್ಕೆ ತಳ್ತಾ ಇರುತ್ತೆ, ಅದರ ಮೇಲೆ ಹೈ ಟೈಡ್ ಬಂದ್ರೆ ನೀರು ರಸ್ತೆಗೆ ನುಗ್ಗುತ್ತೆ. ಬಾಸ್ಟನ್ ಹಾರ್ಬರಲ್ಲಿ 1978ರ ಫೆಬ್ರವರಿ ಬ್ಲಿಜರ್ಡ್ ಹೊತ್ತಲ್ಲಿ ಏರಿದ್ದ ಮಟ್ಟವನ್ನ 2018ರ ಜನವರಿ 4ರ ಸ್ಟಾರ್ಮ್ ಸ್ವಲ್ಪದರಲ್ಲೇ ಮೀರಿಸ್ತು, 15.16 ಅಡಿ, ಅಕ್ವೇರಿಯಂ ಸಬ್‌ವೇ ಸ್ಟೇಷನ್ ಮೆಟ್ಟಿಲಿಂದ ನೀರು ಇಳೀತು. ಅದೇ ವರ್ಷ ಮಾರ್ಚ್ 2ಕ್ಕೆ ಮತ್ತೆ 14 ಅಡಿ ದಾಟಿತ್ತು, ಆವತ್ತು ಸಿಟಿಯಲ್ಲಿ ಹೆಚ್ಚಾಗಿ ಬಿದ್ದಿದ್ದು ಮಳೆ. ಅಂದ್ರೆ ಸ್ನೋ ಇಲ್ಲ ಅಂತ ಆರಾಮಾಗಿರಕ್ಕೆ ಆಗಲ್ಲ. ಹೈ ಟೈಡ್ ಸುಮಾರು ಹನ್ನೆರಡೂವರೆ ಗಂಟೆಗೆ ಒಂದ್ಸಲ ಬರುತ್ತೆ, ಅಮಾವಾಸ್ಯೆ ಹುಣ್ಣಿಮೆ ಸುತ್ತಮುತ್ತ ಜಾಸ್ತಿ ಏರುತ್ತೆ, ನಿಮ್ಮ ಪಂಚಾಂಗದಲ್ಲೇ ನೋಡ್ಕೊಬಹುದು. ಸೀಪೋರ್ಟು, ಲಾಂಗ್ ವಾರ್ಫು, ಮಾರಿಸೀ ಬುಲವಾರ್ಡು, ರಿವೇರ್, ವಿಂತ್ರಾಪ್, ಕ್ವಿನ್ಸಿಯ ತಗ್ಗು ಬೀದಿಗಳು, ಇಲ್ಲಿ ಕಾರು ಬಿಟ್ಟಿದ್ರೆ ಟೈಡ್ ಟೈಮಿಗೆ ಎರಡು ಗಂಟೆ ಮುಂಚೆ ಎತ್ತರಕ್ಕೆ ತಗೊಂಡ್ಹೋಗಿ. ಉಪ್ಪು ನೀರು ನಿಂತಿರೋ ರಸ್ತೆಯಲ್ಲಿ ಕಾರು ಇಳಿಸಬೇಡಿ.

ಸ್ನೋ ನಿಂತ ಮೇಲೆ, ರಾತ್ರಿ

ಜನ ಸ್ಟಾರ್ಮ್ ದಿನ ಜೋಪಾನವಾಗಿರ್ತಾರೆ, ಜಾರಿ ಬೀಳೋದು ಅದರ ಮಾರನೇ ದಿನ, ಅದರ ಮುಂದಿನ ದಿನ. ಮಾರ್ಚಲ್ಲಿ ಹಗಲು 42 ಆಗಿ ರಾಶಿಯಿಂದ ನೀರು ಸೈಡ್‌ವಾಕ್ ಮೇಲೆ ಹರಿಯುತ್ತೆ, ಸಂಜೆ ಏಳಕ್ಕೆ 32ಕ್ಕಿಂತ ಕೆಳಗೆ ಇಳಿದು ಅದೇ ನೀರು ಗಾಜಿನಷ್ಟು ನುಣುಪು ಐಸ್ ಆಗುತ್ತೆ. ಬೀದಿ ದೀಪದ ಕೆಳಗೆ ನೋಡಿ, ನೆಲ ಒದ್ದೆ ಥರ ಹೊಳೀತಿದ್ರೆ ನೀರು ಅಂತ ನಂಬಬೇಡಿ, ಐಸ್ ಅಂತಲೇ ನಡೀರಿ. ಪಾದ ಚಪ್ಪಟೆ ಇಟ್ಟು, ಚಿಕ್ಕ ಹೆಜ್ಜೆ, ಕೈ ಜೇಬಿಂದ ಹೊರಗೆ. ಸಾಲ್ಟ್ ಹಾಕೋದು ಬೆಳಗ್ಗೆ ಅಲ್ಲ, ಸಂಜೆ ನೀರು ಹೆಪ್ಪುಗಟ್ಟೋ ಮುಂಚೆ, ಒಂದು ಹಿಡಿ ತೆಳ್ಳಗೆ ಎರಚಿದ್ರೆ ಸಾಕು. ಮಾಮೂಲಿ ರಾಕ್ ಸಾಲ್ಟು 15 ಡಿಗ್ರಿಗಿಂತ ಕೆಳಗೆ ಕೆಲಸ ಮಾಡಲ್ಲ, ಆಗ ಕ್ಯಾಲ್ಸಿಯಂ ಕ್ಲೋರೈಡ್ ಬೇಕು, ಇಲ್ಲಾ ಮರಳು.

ಡ್ರೈವ್ ಮಾಡೋರು ಗಮನಿಸಿ, ಕಾರಿನ ಡಿಸ್‌ಪ್ಲೇ ತೋರ್ಸೋದು ಗಾಳಿಯ ಡಿಗ್ರಿ, ರಸ್ತೆದಲ್ಲ. 36 ಅಂತಿದ್ರೂ ಸೇತುವೆ ಮೇಲೆ, ರ‍್ಯಾಂಪಲ್ಲಿ, ಮರದ ನೆರಳಲ್ಲಿ ಐಸ್ ಇರಬಹುದು. ಶಿವರಾತ್ರಿ, ಯುಗಾದಿ ಇದೇ ಸೀಸನ್ನಲ್ಲಿ ಬರೋದು, ಆಶ್‌ಲ್ಯಾಂಡ್ ಲಕ್ಷ್ಮಿ ದೇವಸ್ಥಾನಕ್ಕೆ ಸಂಜೆ ಹೋಗಿ ರಾತ್ರಿ ವಾಪಸ್ ಬರೋರು ತುಂಬಾ ಜನ. ಒಳಗೆ ಬರಿಗಾಲು ಅಂತ ಹೊರಗೂ ಚಪ್ಪಲಿ, ರೇಷ್ಮೆ ಸೀರೆಗೆ ಮ್ಯಾಚಿಂಗ್ ಸ್ಯಾಂಡಲ್ ಬೇಡ, ಬೂಟಲ್ಲೇ ಹೋಗಿ, ಸೀರೆ ನೆರಿಗೆ ಒಂದಿಂಚು ಮೇಲೆ ಉಟ್ಕೊಳ್ಳಿ. ಅಮ್ಮ, ಅತ್ತೆ ಜೊತೆಗಿದ್ರೆ ಬಾಗಿಲಲ್ಲೇ ಇಳಿಸಿ ಆಮೇಲೆ ಪಾರ್ಕ್ ಮಾಡಿ. ಬೂಟಿಗೆ ಕೆಳಗಿಂದ ಹಾಕೋ ರಬ್ಬರ್ ಕ್ಲೀಟ್ ಸಿಗುತ್ತೆ, ಹಿರಿಯರಿಗೆ ಒಂದು ಜೊತೆ ತಂದುಕೊಡಿ, ಆದ್ರೆ ಟೈಲ್ಸ್ ಮೇಲೆ ಅದೇ ಜಾರುತ್ತೆ, ಒಳಗೆ ಬರೋ ಮುಂಚೆ ಬಿಚ್ಚಿಸಿ.

ಇನ್ನು ಮೇಲಕ್ಕೂ ನೋಡಿ ನಡೀರಿ. ಡೌನ್‌ಟೌನಲ್ಲಿ, ಹಳೇ ಇಟ್ಟಿಗೆ ಬಿಲ್ಡಿಂಗ್‌ಗಳ ಸೂರಿಂದ ಮಧ್ಯಾಹ್ನ ಬಿಸಿಲಿಗೆ ಐಸ್ ಕಳಚಿ ಬೀಳುತ್ತೆ, ಗೋಡೆಗೆ ಅಂಟ್ಕೊಂಡು ನಡೀಬೇಡಿ.

ಪ್ರಯಾಣ

2015ರ ಫೆಬ್ರವರಿಯಲ್ಲಿ ಒಂದೇ ತಿಂಗಳು 64.8 ಇಂಚು ಬಿದ್ದು, 10ನೇ ತಾರೀಖು ಬಾಸ್ಟನ್ ಸುತ್ತಮುತ್ತ ರೈಲು ಬಸ್ಸು ಓಡಿಸೋ ಎಂಬಿಟಿಎ ರೈಲು ಪೂರ್ತಿ ನಿಲ್ಲಿಸ್ಬೇಕಾಯ್ತು. ಅಷ್ಟು ಆಗೋದು ಅಪರೂಪ, ಆದ್ರೆ ಭೂಮಿ ಮೇಲೆ ಓಡೋ ಲೈನುಗಳು, ಬಸ್ಸುಗಳು ಸಣ್ಣ ಸ್ಟಾರ್ಮಿಗೂ ಲೇಟಾಗುತ್ತೆ, ಬಸ್ಸುಗಳಿಗೆ ಬೇರೆ ಸ್ನೋ ರೂಟ್ ಇರುತ್ತೆ, ನಿಮ್ಮ ಸ್ಟಾಪ್ ಬಿಟ್ಟು ಹೋಗಬಹುದು, ಮುಂಚೆನೇ ನೋಡ್ಕೊಳ್ಳಿ.

ಫ್ಲೈಟ್ ಇರೋರು ಕ್ಯಾನ್ಸಲ್ ಆಗೋವರೆಗೂ ಕಾಯಬೇಡಿ. ದೊಡ್ಡ ಸ್ಟಾರ್ಮ್ ಅಂತ ಖಾತ್ರಿ ಆದ್ರೆ ಏರ್‌ಲೈನ್‌ಗಳು ಒಂದೆರಡು ದಿನ ಮುಂಚೆನೇ ದಿನ ಬದಲಾಯಿಸಕ್ಕೆ ದುಡ್ಡು ಬೇಡ ಅಂತ ಹೇಳ್ತಾರೆ, ಆ ನೋಟಿಸ್ ಬಂದ ತಕ್ಷಣ ಸ್ಟಾರ್ಮ್ ಬರೋ ಒಂದು ದಿನ ಮುಂಚಿನ ಫ್ಲೈಟಿಗೆ ಹಾಕ್ಸಿ, ಸ್ಟಾರ್ಮ್ ಮುಗಿದ ಮೇಲಿನ ದಿನಕ್ಕೆ ಹಾಕ್ಸಿದ್ರೆ ಎಲ್ಲರೂ ಅದೇ ಸೀಟಿಗೆ ಬರ್ತಾರೆ. ಅಪ್ಪ ಅಮ್ಮನ್ನ ಮಾರ್ಚಲ್ಲಿ ಕರೆಸ್ಕೊಳ್ಳೋರು ಬೆಂಗಳೂರಿಂದ ದುಬೈ, ದೋಹಾ, ಫ್ರಾಂಕ್‌ಫರ್ಟ್ ಮೇಲೆ ನೇರ ಬಾಸ್ಟನ್‌ಗೆ ಬರೋ ಟಿಕೆಟ್ ನೋಡಿ, ನ್ಯೂಯಾರ್ಕಲ್ಲೋ ನೆವಾರ್ಕಲ್ಲೋ ಬದಲಾಯಿಸೋದು ಬೇಡ, ಅದೇ ಸ್ಟಾರ್ಮ್ ಆ ಊರುಗಳಿಗೂ ಹೊಡೆದಿರುತ್ತೆ, ಅವರು ಅಲ್ಲಿ ಒಬ್ಬರೇ ಸಿಕ್ಕಾಕ್ಕೊಳ್ತಾರೆ. ಬಿಪಿ ಮಾತ್ರೆ ನಾಲ್ಕು ದಿನಕ್ಕಾಗುವಷ್ಟು, ಒಂದು ಉಣ್ಣೆ ಟೋಪಿ, ಸಾಕ್ಸು, ನಿಮ್ಮ ನಂಬರ್ ಬರ್ದಿರೋ ಚೀಟಿ ಇವೆಲ್ಲ ಕೈಚೀಲದಲ್ಲೇ ಇಡಕ್ಕೆ ಹೇಳಿ, ಮತ್ತೆ ಲೋಗನ್‌ಗೆ ನೀವು ಹೋಗೋವಾಗ ಅವರಿಬ್ಬರಿಗೂ ದಪ್ಪ ಕೋಟು, ಬೂಟು ಕಾರಲ್ಲಿ ತಗೊಂಡು ಹೋಗಿ, ಟರ್ಮಿನಲ್ ಒಳಗೇ ಹಾಕಿಸಿ ಆಮೇಲೆ ಹೊರಗೆ ಕರ್ಕೊಂಡು ಬನ್ನಿ.